ಸ್ಟೆಮ್ ಸೆಲ್‌ನಿಂದ ಮೂಳೆ ಕಟ್ಟುವ ಸೆಲ್: 21 ದಿನದ ಪ್ರಯೋಗ, ಮೊದಲಿಂದ ಕೊನೆವರೆಗೆ

"ಮೇಡಂ, ಕೆಂಪು ಬಂತು! ಎಲ್ಲಾ ಕೆಂಪು!"

ರಾತ್ರಿ ಒಂಬತ್ತೂವರೆಗೆ ಲ್ಯಾಬ್‌ನಿಂದ ಫೋನ್. ಎಂಡಿಎಸ್ ಓದುವ ಹುಡುಗಿ, 21 ದಿನ ಕಾದು ಅವತ್ತು ಆಲಿಜರಿನ್ ಬಣ್ಣ (ಕ್ಯಾಲ್ಸಿಯಂಗೆ ಅಂಟಿ ಕೆಂಪಾಗುವುದು) ಹಾಕಿದ್ದಳು. ಸೆಲ್ ಬೆಳೆಸುವ ಪ್ಲಾಸ್ಟಿಕ್ ಪ್ಲೇಟ್‌ನಲ್ಲಿ ವೆಲ್ ಎಂಬ ಪುಟ್ಟ ಗುಳಿಗಳಿರುತ್ತವೆ. ನಾನು ಒಂದೇ ಪ್ರಶ್ನೆ ಕೇಳಿದೆ. "ಸೆಲ್ ಹಾಕದೆ ಖಾಲಿ ಬಿಟ್ಟ ವೆಲ್ ಏನಾಯ್ತು?" ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಅದೂ ಕೆಂಪೇ, ಮೇಡಂ."

ಸೆಲ್ಲೇ ಇಲ್ಲದ ಕಡೆ ಮೂಳೆ ಎಲ್ಲಿಂದ ಬರಬೇಕು? ಅಲ್ಲಿ ಕೂತಿದ್ದು ಬರೀ ಗಸಿ. ಬೋರ್‌ವೆಲ್ ನೀರು ಬರುವ ಮನೆಯಲ್ಲಿ ನಲ್ಲಿ ಬಾಯಿಗೆ, ಬಕೆಟ್ ಅಂಚಿಗೆ, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕೂರುತ್ತದಲ್ಲ, ಹೆಚ್ಚುಕಮ್ಮಿ ಅದೇ ಕಥೆ. ನಲ್ಲಿಯದು ಕ್ಯಾಲ್ಸಿಯಂ ಕಾರ್ಬೊನೇಟ್, ಪ್ಲೇಟ್‌ನದು ಕ್ಯಾಲ್ಸಿಯಂ ಫಾಸ್ಫೇಟ್, ಅಷ್ಟೇ ವ್ಯತ್ಯಾಸ. ತಪ್ಪು ಅವಳದ್ದಲ್ಲ, ನನ್ನದು. ಪ್ರಯೋಗಕ್ಕೆ ಫಾಸ್ಫೇಟ್ ಒದಗಿಸುವ ಗ್ಲಿಸರೋಫಾಸ್ಫೇಟ್ ಬಾಟಲಿ ಮೇಲೆ ಸಾಂದ್ರತೆ ಬರೆಯದೆ ಫ್ರಿಜ್‌ನಲ್ಲಿ ಇಟ್ಟಿದ್ದೆ. ಅದು 1 ಮೋಲಾರ್. ಅವಳು 200 ಮಿಲಿಮೋಲಾರ್ ಅಂದುಕೊಂಡು ಲೆಕ್ಕ ಹಾಕಿದ್ದಳು. ಐದು ಪಟ್ಟು ಜಾಸ್ತಿ ಬಿತ್ತು. ಮೂರು ವಾರ ನೀರಿಗೆ ಹೋಯಿತು.

ಹಾಗಾಗಿ ಈ ಬರಹ. ಬೆಂಗಳೂರಿನಲ್ಲಿ ದಂತ ವೈದ್ಯಕೀಯ, ಬಯೋಟೆಕ್, ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಾ ಈ ಪ್ರಯೋಗವನ್ನು ಮೊದಲ ಸಲ ಮಾಡುವವರು ತುಂಬಾ ಜನ. ಪ್ರೋಟೊಕಾಲ್ ಒಂದೇ ಪುಟದ್ದು, ಎಲ್ಲಿ ಬೇಕಾದರೂ ಸಿಗುತ್ತದೆ. ಅದು ಎಲ್ಲಿ ಕೈ ಕೊಡುತ್ತದೆ ಅನ್ನುವುದು ಮಾತ್ರ ಆ ಪುಟದಲ್ಲಿ ಇರುವುದಿಲ್ಲ.

ಏನನ್ನು ಏನು ಮಾಡಲು ಹೊರಟಿದ್ದೇವೆ

ನಾವು ಬಳಸುವುದು ಮೀಸೆಂಕೈಮಲ್ ಸ್ಟೆಮ್ ಸೆಲ್. ಲ್ಯಾಬ್‌ನಲ್ಲಿ ಎಲ್ಲರೂ ಎಂಎಸ್‌ಸಿ ಅನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಆಕರಕೋಶ, ಕಾಂಡಕೋಶ ಅಂತ ಓದಿರುತ್ತೀರಿ. ಮೂಳೆಮಜ್ಜೆಯಲ್ಲಿ ಇಂಥ ಸೆಲ್‌ಗಳಿವೆ ಎಂದು 1960-70ರ ದಶಕಗಳಲ್ಲಿ ತೋರಿಸಿದವರು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. ಈಗಿನ ಹೆಸರು ಬಳಕೆಗೆ ಬಂದದ್ದು 1991ರಲ್ಲಿ, ಆರ್ನಾಲ್ಡ್ ಕ್ಯಾಪ್ಲನ್ ಅವರಿಂದ.

ಇವಕ್ಕೆ ಮೂರು ದಾರಿ ಗೊತ್ತು: ಮೂಳೆ, ಮೃದ್ವಸ್ಥಿ, ಕೊಬ್ಬು. ಯಾವ ದಾರಿ ಹಿಡಿಯಬೇಕು ಎಂದು ನಾವು ಮೀಡಿಯಂ (ಸೆಲ್ ಬೆಳೆಯುವ ಪೋಷಕ ದ್ರವ) ಮೂಲಕ ಸೂಚನೆ ಕೊಡುತ್ತೇವೆ. ಮೂಳೆಯ ಕಡೆ ತಿರುಗಿದಾಗ ಸೆಲ್ ಒಳಗೆ ಮೊದಲು ಎಚ್ಚರಾಗುವುದು ರನ್‌ಎಕ್ಸ್-2 ಎಂಬ ಜೀನ್. ಅದರ ಹಿಂದೆ ಆಸ್ಟೆರಿಕ್ಸ್. ಆಮೇಲೆ ಸೆಲ್ ಕೊಲಾಜನ್ ನೇಯಲು ಶುರು ಮಾಡುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರುತ್ತದೆ, ಕೊನೆಗೆ ಆಸ್ಟಿಯೊಕ್ಯಾಲ್ಸಿನ್ ಬರುತ್ತದೆ ಮತ್ತು ಕೊಲಾಜನ್ ಮೇಲೆ ಖನಿಜ ಕೂರುತ್ತದೆ. ಮೊದಲು ನೇಯ್ಗೆ, ಆಮೇಲೆ ಖನಿಜ. ಈ ಸಾಲು ನೆನಪಿರಲಿ. ನೇಯ್ಗೆ ಇಲ್ಲದೆ ಖನಿಜ ಕೂತರೆ ಅದು ನಲ್ಲಿಯ ಪೊರೆ.

ಸೆಲ್ ಎಲ್ಲಿಂದ ತರುವುದು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ, ಮನುಷ್ಯರ ಸೆಲ್‌ನಿಂದ ಶುರು ಮಾಡಬೇಡಿ. ಎಂಸಿ3ಟಿ3-ಇ1 ಎಂಬ ಇಲಿಯ ಸೆಲ್ ಲೈನ್ ತೆಗೆದುಕೊಳ್ಳಿ. ಇದು ಇಲಿಮರಿಯ ತಲೆಬುರುಡೆಯಿಂದ ಬಂದದ್ದು. ನಿಜ ಹೇಳಬೇಕೆಂದರೆ ಇದು ಸ್ಟೆಮ್ ಸೆಲ್ ಅಲ್ಲ, ಆಗಲೇ ಮೂಳೆಯ ದಾರಿ ಹಿಡಿದಿರುವ ಸೆಲ್. ಆದರೆ ಕೈ ಪಳಗಲು ಇಷ್ಟು ಸಾಧು ಸೆಲ್ ಇನ್ನೊಂದಿಲ್ಲ. ಸೆಲ್ ಲೈನ್‌ಗಳಿಗೆ ಪುಣೆಯ ಎನ್‌ಸಿಸಿಎಸ್ (ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್) ಸಂಸ್ಥೆಯ ರಾಷ್ಟ್ರೀಯ ಭಂಡಾರವನ್ನು ವಿಚಾರಿಸಿ. ಒಂದೇ ಒಂದು ಎಚ್ಚರಿಕೆ: ಇವನ್ನು ಸುಮ್ಮನೆ ಬೆಳೆಸುವಾಗ ವಿಟಮಿನ್ ಸಿ ಇಲ್ಲದ ಆಲ್ಫಾ-ಎಂಇಎಂ ಎಂಬ ಮೀಡಿಯಂ ಬಳಸಿ. ಮಾಮೂಲಿ ಆಲ್ಫಾ-ಎಂಇಎಂನಲ್ಲಿ ವಿಟಮಿನ್ ಸಿ ಬೆರೆತೇ ಬರುತ್ತದೆ. ಅದರಲ್ಲಿ ಇಟ್ಟರೆ ನೀವು ಹೇಳುವ ಮೊದಲೇ ಮೂಳೆಯ ಕಡೆ ಹೊರಟುಬಿಡುತ್ತವೆ.

ಮನುಷ್ಯರ ಎಂಎಸ್‌ಸಿಗೆ ಬಂದರೆ ಮೂಳೆಮಜ್ಜೆ, ಹೊಟ್ಟೆಯ ಕೊಬ್ಬು, ಹೊಕ್ಕುಳಬಳ್ಳಿ, ಹಲ್ಲಿನ ತಿರುಳು, ಎಲ್ಲದರಿಂದಲೂ ತೆಗೆಯುತ್ತಾರೆ. ದಂತ ಕಾಲೇಜಿನವರಿಗೆ ಕಿತ್ತ ಬುದ್ಧಿಹಲ್ಲು ಸುಲಭವಾಗಿ ಸಿಗುತ್ತದೆ. ಹಲ್ಲಿನ ತಿರುಳಿನಲ್ಲಿ ಇಂಥ ಸೆಲ್ ಇದೆ ಎಂದು 2000ದಲ್ಲೇ ತೋರಿಸಿದ್ದಾರೆ. ಆದರೆ ಕಿತ್ತ ಹಲ್ಲು ಹೇಗೂ ಕಸಕ್ಕೆ ಹೋಗುವುದು ತಾನೇ ಎಂದು ಡಬ್ಬಿಯಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ರೋಗಿಯ ಲಿಖಿತ ಒಪ್ಪಿಗೆ ಬೇಕು, ಸಂಸ್ಥೆಯ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಅದರ ಜೊತೆಗೆ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಹೊರಡಿಸಿದ 2017ರ ಮಾರ್ಗಸೂಚಿಯಂತೆ ಐಸಿ-ಎಸ್‌ಸಿಆರ್ ಎಂಬ ಸ್ಟೆಮ್ ಸೆಲ್ ಸಮಿತಿಯೂ ನೋಡಬೇಕು. ಸಿನಾಪ್ಸಿಸ್ ಕೊಡುವ ಮೊದಲೇ ಈ ಕೆಲಸ ಶುರು ಮಾಡಿ. ಸಮಿತಿಗಳು ಸೆಲ್‌ಗಿಂತ ನಿಧಾನ.

ಯಾವ ಮೂಲದ್ದೇ ಆಗಲಿ, ಅದು ಎಂಎಸ್‌ಸಿ ಹೌದೋ ಅಲ್ಲವೋ ನೋಡಲು 2006ರಲ್ಲಿ ಒಂದು ಅಂತಾರಾಷ್ಟ್ರೀಯ ಸಂಘ ಮೂರು ಕನಿಷ್ಠ ಷರತ್ತು ಹಾಕಿತು. ಪ್ಲಾಸ್ಟಿಕ್‌ಗೆ ಅಂಟಿಕೊಂಡು ಬೆಳೆಯಬೇಕು. ಮೈಮೇಲೆ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತಿನ ಪ್ರೋಟೀನ್ ಇರಬೇಕು, ಸಿಡಿ34, ಸಿಡಿ45ರಂಥ ರಕ್ತದ ಸೆಲ್‌ಗಳ ಗುರುತು ಇರಬಾರದು. ಮೂರೂ ದಾರಿ ಹಿಡಿಯಲು ಬರಬೇಕು. ಈ ಗುರುತು ನೋಡುವ ಫ್ಲೋ ಸೈಟೊಮೀಟರ್ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಚಿಂತೆ ಬೇಡ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಎಂಬ ಮೂರು ಜೀವವಿಜ್ಞಾನ ಸಂಸ್ಥೆಗಳು ಒಂದೇ ಕಡೆ ಇವೆ. ಸಿ-ಕ್ಯಾಂಪ್ ಹೊರಗಿನವರಿಗೂ ಹಣ ಪಡೆದು ಉಪಕರಣ ಸೇವೆ ಕೊಡುತ್ತದೆ.

ಎರಡರಿಂದ ಐದನೇ ಪ್ಯಾಸೇಜ್ ಒಳಗಿನ ಸೆಲ್ ಬಳಸಿ. ಫ್ಲಾಸ್ಕ್ ತುಂಬಿದಾಗ ಸೆಲ್ ಎಬ್ಬಿಸಿ ಹೊಸದಕ್ಕೆ ಹಂಚುವುದು ಒಂದು ಪ್ಯಾಸೇಜ್. ಆಮೇಲೆ ಅವು ಅಗಲವಾಗಿ, ಸೋಮಾರಿಯಾಗಿ ಮಲಗಿಬಿಡುತ್ತವೆ. ಎಂಟನೇ ಪ್ಯಾಸೇಜ್‌ನಲ್ಲಿ ಮೂಳೆ ಬರಲಿಲ್ಲ ಅಂತ ಅತ್ತವರನ್ನು ನೋಡಿದ್ದೇನೆ.

ಮೀಡಿಯಂ: ಮೂರು ಪದಾರ್ಥದ ಅಡುಗೆ

ಬುಡದ ಮೀಡಿಯಂ ಆಲ್ಫಾ-ಎಂಇಎಂ. ಅದಕ್ಕೆ 10% ಸೀರಂ (ರಕ್ತದ ತಿಳಿ), 1% ಆಂಟಿಬಯಾಟಿಕ್. ಇದು ಬೆಳೆಸುವ ಮೀಡಿಯಂ, ಇದೇ ನಮ್ಮ ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಇಡುವುದು. ಇದಕ್ಕೆ ಮೂರು ಪದಾರ್ಥ ಸೇರಿಸಿದರೆ ಮೂಳೆಯ ಮೀಡಿಯಂ ಆಗುತ್ತದೆ. ಈ ಮೂರರ ಅಳತೆ 1990ರ ದಶಕದಲ್ಲೇ ಗಟ್ಟಿಯಾಗಿದೆ. ಇವತ್ತಿಗೂ ಎಲ್ಲರೂ ಅದನ್ನೇ ಅನುಸರಿಸುತ್ತಾರೆ.

ಒಂದು, ಡೆಕ್ಸಾಮೆಥಾಸೋನ್, 100 ನ್ಯಾನೋಮೋಲಾರ್. ಹೌದು, ಡಾಕ್ಟರು ಬರೆಯುವ ಅದೇ ಸ್ಟೀರಾಯ್ಡ್. ಇಲ್ಲೊಂದು ತಮಾಷೆ ಇದೆ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರ ಮೂಳೆ ಸವೆಯುತ್ತದೆ. ಪ್ಲೇಟ್‌ನಲ್ಲಿ ಅದೇ ಔಷಧ, ಚಿಟಿಕೆಯಲ್ಲಿ ಚಿಟಿಕೆ ಹಾಕಿದರೆ, ಎಂಎಸ್‌ಸಿಯನ್ನು ಮೂಳೆಯ ಕಡೆ ದೂಡುತ್ತದೆ. ಹತ್ತು ಪಟ್ಟು ಏರಿಸಿ 1 ಮೈಕ್ರೋಮೋಲಾರ್ ಮಾಡಿ ಇನ್ಸುಲಿನ್ ಮುಂತಾದವು ಸೇರಿಸಿದರೆ ಅದೇ ಸೆಲ್ ಕೊಬ್ಬಾಗುತ್ತದೆ! ಹಾಗಾಗಿ ಇದರಲ್ಲಿ ಕೈ ಜಾರಬಾರದು. ಪ್ಲೇಟ್‌ನಲ್ಲಿ ಮಧ್ಯೆ ಮಧ್ಯೆ ಎಣ್ಣೆಹನಿ ತುಂಬಿದ ಸೆಲ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಆಗ 10 ನ್ಯಾನೋಮೋಲಾರ್‌ಗೆ ಇಳಿಸಿ ನೋಡಿ.

ಎರಡು, ವಿಟಮಿನ್ ಸಿ. ಕೊಲಾಜನ್‌ನ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು ಇದು ಬೇಕೇ ಬೇಕು. ಹಿಂದೆ ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ನಾವಿಕರ ಒಸಡು ಕೊಳೆಯುತ್ತಿತ್ತಲ್ಲ, ಸ್ಕರ್ವಿ, ಅದು ಇದೇ ಹೆಣಿಗೆ ಬಿಚ್ಚಿಹೋದ ಕಾಯಿಲೆ. ಆದರೆ ಸಾದಾ ವಿಟಮಿನ್ ಸಿ 37 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ. ಅದಕ್ಕೆ ಆಸ್ಕಾರ್ಬಿಕ್ ಆಸಿಡ್ 2-ಫಾಸ್ಫೇಟ್ ಎಂಬ ಗಟ್ಟಿ ರೂಪವನ್ನೇ ಕೊಳ್ಳಿ. ಸ್ವಲ್ಪ ದುಬಾರಿ. ಇಲ್ಲಿ ಜಿಪುಣತನ ಮಾಡಿದರೆ ದಿನಾ ಮೀಡಿಯಂ ಬದಲಿಸಬೇಕಾಗುತ್ತದೆ. ಅಳತೆ 50 ಮೈಕ್ರೋಮೋಲಾರ್.

ಮೂರು, ಬೀಟಾ-ಗ್ಲಿಸರೋಫಾಸ್ಫೇಟ್, 10 ಮಿಲಿಮೋಲಾರ್. ಇದು ಫಾಸ್ಫೇಟ್‌ನ ಉಗ್ರಾಣ. ಸೆಲ್ ತಯಾರಿಸಿದ ಆಲ್ಕಲೈನ್ ಫಾಸ್ಫಟೇಸ್ ಇದರಿಂದ ಫಾಸ್ಫೇಟ್ ಕತ್ತರಿಸಿ ಬಿಡುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಕೊಲಾಜನ್ ಮೇಲೆ ಕೂರುತ್ತದೆ. ಸೂಕ್ಷ್ಮ ಇರುವುದು ಇಲ್ಲೇ. ನಾವು ಹಾಕುವ ಸೀರಂನಲ್ಲೂ ಇದೇ ಕಿಣ್ವ ಸ್ವಲ್ಪ ಇರುತ್ತದೆ. ಉಗ್ರಾಣ ದೊಡ್ಡದಾದರೆ ಸೆಲ್ ಇರಲಿ ಬಿಡಲಿ, ಫಾಸ್ಫೇಟ್ ಬಿಡುಗಡೆಯಾಗಿ ಗಸಿ ಕೂರುತ್ತದೆ. ನಮ್ಮ ಹುಡುಗಿಯ ಪ್ಲೇಟ್‌ನಲ್ಲಿ ಆದದ್ದು ಅದೇ.

ಸ್ಟಾಕ್ (ಮೊದಲೇ ಮಾಡಿಟ್ಟುಕೊಳ್ಳುವ ಗಟ್ಟಿ ದ್ರಾವಣ) ಮಾಡುವ ಲೆಕ್ಕ ಹೀಗೆ. ಡೆಕ್ಸಾಮೆಥಾಸೋನ್ 3.92 ಮಿ.ಗ್ರಾಂ ಅನ್ನು 10 ಮಿ.ಲೀ. ಶುದ್ಧ ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. ಆಸ್ಕಾರ್ಬಿಕ್ ಆಸಿಡ್ 2-ಫಾಸ್ಫೇಟ್‌ನ ಟ್ರೈಸೋಡಿಯಂ ಲವಣ 161 ಮಿ.ಗ್ರಾಂ, 10 ಮಿ.ಲೀ. ನೀರಿಗೆ, 50 ಮಿಲಿಮೋಲಾರ್. ಬೀಟಾ-ಗ್ಲಿಸರೋಫಾಸ್ಫೇಟ್ ಡೈಸೋಡಿಯಂ ಪೆಂಟಾಹೈಡ್ರೇಟ್ 3.06 ಗ್ರಾಂ, ಒಟ್ಟು 10 ಮಿ.ಲೀ. ಆಗುವ ಹಾಗೆ ನೀರು, 1 ಮೋಲಾರ್. ಪೆಂಟಾಹೈಡ್ರೇಟ್ ಅಲ್ಲದೆ ಬೇರೆ ರೂಪ ಬಂದಿದ್ದರೆ ಡಬ್ಬಿ ಮೇಲಿನ ಅಣುತೂಕ ನೋಡಿ ಲೆಕ್ಕ ತಿದ್ದಿಕೊಳ್ಳಿ. ನೀರಿನವೆರಡನ್ನೂ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಡೆಕ್ಸಾ ಮತ್ತು ವಿಟಮಿನ್ ಸಿ ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಮೈನಸ್ 20ಕ್ಕೆ ಹೋಗಲಿ, ಗ್ಲಿಸರೋಫಾಸ್ಫೇಟ್ ಫ್ರಿಜ್‌ಗೆ. ಬಾಟಲಿ ಮೇಲೆ ಸಾಂದ್ರತೆ, ದಿನಾಂಕ, ನಿಮ್ಮ ಹೆಸರು. ಮಾರ್ಕರ್ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ, ಮೇಲೆ ಸೆಲ್ಲೋ ಟೇಪ್ ಅಂಟಿಸಿ.

50 ಮಿ.ಲೀ. ಮೂಳೆಯ ಮೀಡಿಯಂಗೆ:

- ಆಲ್ಫಾ-ಎಂಇಎಂ 44 ಮಿ.ಲೀ.
- ಸೀರಂ 5 ಮಿ.ಲೀ.
- ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ 0.5 ಮಿ.ಲೀ.
- ಗ್ಲಿಸರೋಫಾಸ್ಫೇಟ್ ಸ್ಟಾಕ್ 0.5 ಮಿ.ಲೀ.
- ವಿಟಮಿನ್ ಸಿ ಸ್ಟಾಕ್ 50 ಮೈಕ್ರೋಲೀಟರ್
- ಡೆಕ್ಸಾ ಸ್ಟಾಕ್ 5 ಮೈಕ್ರೋಲೀಟರ್

ಕಂಟ್ರೋಲ್ ಮೀಡಿಯಂಗೂ 5 ಮೈಕ್ರೋಲೀಟರ್ ಬರೀ ಎಥನಾಲ್ ಹಾಕಿ. ಹಾಕದಿದ್ದರೆ ವೈವಾದಲ್ಲಿ ಯಾರಾದರೂ ಕೇಳುತ್ತಾರೆ. ಬೆರೆಸಿದ ಮೀಡಿಯಂ ಫ್ರಿಜ್‌ನಲ್ಲಿ ಫಾಯಿಲ್ ಸುತ್ತಿ ಎರಡು ವಾರ ಇಡಬಹುದು, ಅದಕ್ಕಿಂತ ಜಾಸ್ತಿ ಬೇಡ. ಸೀರಂ ವಿಷಯದಲ್ಲಿ ಒಂದೇ ನಿಯಮ: ಇಡೀ ಪ್ರಯೋಗಕ್ಕೆ ಒಂದೇ ಬ್ಯಾಚ್. ಒಂದು ಬ್ಯಾಚ್‌ನಲ್ಲಿ ಚೆನ್ನಾಗಿ ಮೂಳೆ ಕಟ್ಟಿದ ಸೆಲ್ ಇನ್ನೊಂದರಲ್ಲಿ ಸುಮ್ಮನೆ ಕೂತುಬಿಡುತ್ತದೆ.

ಪ್ಲೇಟ್ ಹಾಕುವ ದಿನ

24 ವೆಲ್‌ನ ಪ್ಲೇಟ್ ಮೂರು ತೆಗೆದುಕೊಳ್ಳಿ. 7ನೇ ದಿನಕ್ಕೊಂದು, 14ಕ್ಕೊಂದು, 21ಕ್ಕೊಂದು. ಒಂದೇ ಪ್ಲೇಟ್‌ನಲ್ಲಿ ಮೂರೂ ದಿನ ಮುಗಿಸಿ ಪ್ಲಾಸ್ಟಿಕ್ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. 7ನೇ ದಿನ ಒಂದು ವೆಲ್‌ಗೆ ಫಾರ್ಮಾಲಿನ್ ಹಾಕಿದರೆ ಅದರ ಆವಿ ಪಕ್ಕದ ವೆಲ್‌ನ ಸೆಲ್‌ಗಳನ್ನೂ ಬಲಿ ತೆಗೆದುಕೊಳ್ಳುತ್ತದೆ.

ಪ್ರತಿ ಪ್ಲೇಟ್‌ನಲ್ಲಿ ಒಳಗಿನ ಎಂಟು ವೆಲ್ ಮಾತ್ರ ಬಳಸಿ. ಅಂಚಿನ ಹದಿನಾರಕ್ಕೆ ಸ್ಟೆರೈಲ್ ನೀರು ತುಂಬಿ. ಮೂರು ವಾರದಲ್ಲಿ ಅಂಚಿನ ವೆಲ್‌ಗಳು ಆರುತ್ತಾ ಹೋಗುತ್ತವೆ, ಆರಿದರೆ ಲವಣ ಗಟ್ಟಿಯಾಗುತ್ತದೆ, ಲವಣ ಗಟ್ಟಿಯಾದರೆ ಮತ್ತೆ ಅದೇ ನಲ್ಲಿಯ ಪೊರೆ. ಎಂಟರಲ್ಲಿ ಮೂರು ವೆಲ್ ಸೆಲ್ ಮತ್ತು ಮೂಳೆಯ ಮೀಡಿಯಂ, ಮೂರು ವೆಲ್ ಸೆಲ್ ಮತ್ತು ಕಂಟ್ರೋಲ್ ಮೀಡಿಯಂ. ಉಳಿದ ಎರಡು ವೆಲ್‌ಗೆ ಮೂಳೆಯ ಮೀಡಿಯಂ ಮಾತ್ರ, ಸೆಲ್ ಇಲ್ಲ. ಈ ಕೊನೆಯ ಎರಡನ್ನು ಇಡದೆ ಹೋದರೆ ಉಳಿದ ಆರರ ಫಲಿತಾಂಶ ಯಾವುದಕ್ಕೂ ಬಾರದು.

ಫ್ಲಾಸ್ಕ್‌ನಲ್ಲಿ ಸೆಲ್ ಮುಕ್ಕಾಲು ಪಾಲು ತುಂಬಿದಾಗ ಟ್ರಿಪ್ಸಿನ್ (ಅಂಟು ಬಿಡಿಸುವ ಕಿಣ್ವ) ಹಾಕಿ ಎಬ್ಬಿಸಿ. ಎರಡು ಮೂರು ನಿಮಿಷ ಸಾಕು. ಸೀರಂ ಇರುವ ಮೀಡಿಯಂ ಹಾಕಿ ಟ್ರಿಪ್ಸಿನ್ ನಿಲ್ಲಿಸಿ, ಸೆಂಟ್ರಿಫ್ಯೂಜ್‌ನಲ್ಲಿ 300 ಜಿಯಲ್ಲಿ 5 ನಿಮಿಷ ತಿರುಗಿಸಿ, ಟ್ರಿಪಾನ್ ಬ್ಲೂ (ಸತ್ತ ಸೆಲ್‌ಗೆ ಮಾತ್ರ ಹತ್ತುವ ಬಣ್ಣ) ಹಾಕಿ ಎಣಿಸಿ. ಒಂದು ವೆಲ್‌ಗೆ 20,000 ಸೆಲ್, ಅರ್ಧ ಮಿ.ಲೀ. ಬೆಳೆಸುವ ಮೀಡಿಯಂನಲ್ಲಿ. ಮೂರು ಪ್ಲೇಟ್‌ಗೆ ಒಟ್ಟು 18 ವೆಲ್, ಅಂದರೆ 3,60,000 ಸೆಲ್. ಚೆಲ್ಲುವುದು ಅಂಟುವುದು ಎಲ್ಲಾ ಸೇರಿ 4 ಲಕ್ಷ ಇಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಸೆಲ್ ಹಾಕಿದ ಮೇಲೆ ಕಾಫಿ ಲೋಟ ತಿರುಗಿಸಿದ ಹಾಗೆ ಪ್ಲೇಟನ್ನು ಗುಂಡಗೆ ತಿರುಗಿಸುತ್ತಾರೆ. ಸೆಲ್ ಎಲ್ಲಾ ನಡುವೆ ಬಂದು ಗುಡ್ಡೆ ಬೀಳುತ್ತವೆ. ಆಮೇಲೆ ನಡುವೆ ಮಾತ್ರ ಕೆಂಪು, ಸುತ್ತ ಬಯಲು. ಪ್ಲೇಟನ್ನು ಬೆಂಚಿನ ಮೇಲಿಟ್ಟೇ ಹಿಂದೆ ಮುಂದೆ ನಾಲ್ಕು ಸಲ, ಎಡಕ್ಕೆ ಬಲಕ್ಕೆ ನಾಲ್ಕು ಸಲ ಜರುಗಿಸಿ. ಆಮೇಲೆ ಹೆಪ್ಪು ಹಾಕಿದ ಪಾತ್ರೆ ಇದ್ದ ಹಾಗೆ, ಮುಟ್ಟಬೇಡಿ. ಕಾಲು ಗಂಟೆ ಅಲ್ಲೇ ಇರಲಿ. ನಂತರ ಇನ್‌ಕ್ಯುಬೇಟರ್‌ಗೆ, 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್.

ಬೆಂಗಳೂರಿನವರಿಗಾಗಿ ಒಂದು ಅಡ್ಡಮಾತು. ನಾವು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದ್ದೇವೆ. ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು 10% ಕಮ್ಮಿ. ಹಾಗಾಗಿ ಅದೇ 5% ಇಟ್ಟರೂ ಮೀಡಿಯಂಗೆ ಸಿಗುವ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಕಮ್ಮಿ, ಪಿಎಚ್ ಕೂದಲೆಳೆಯಷ್ಟು ಮೇಲೆ. ಇದರಿಂದ ಪ್ರಯೋಗ ಕೆಡುವುದಿಲ್ಲ. ಆದರೆ ಇನ್‌ಕ್ಯುಬೇಟರ್‌ನ ಗ್ಯಾಸ್ ಸೆನ್ಸರ್ ಕೂಡ ಹಳೆಯದಾಗಿ ತಪ್ಪು ಓದುತ್ತಿದ್ದರೆ ಮೀಡಿಯಂ ನೇರಳೆಗೆ ತಿರುಗುತ್ತದೆ. ನೇರಳೆ ಮೀಡಿಯಂನಲ್ಲಿ ಗಸಿ ಬೇಗ ಕೂರುತ್ತದೆ. ಬಣ್ಣದ ಮೇಲೆ ಕಣ್ಣಿರಲಿ.

21 ದಿನ ಕಾಯುವುದು

ಎರಡು ಮೂರು ದಿನದಲ್ಲಿ ವೆಲ್ ತುಂಬಾ ಸೆಲ್ ಹಬ್ಬುತ್ತದೆ. 80% ತುಂಬಿದ ದಿನ ಮೂಳೆಯ ಮೀಡಿಯಂ ಹಾಕಿ. ಅದನ್ನು ಸೊನ್ನೆಯ ದಿನ ಅಂತ ಬರೆದುಕೊಳ್ಳಿ. ಅಲ್ಲಿಂದ ಮೂರು ದಿನಕ್ಕೊಮ್ಮೆ ಮೀಡಿಯಂ ಬದಲು. ಮೂರು ಪ್ಲೇಟ್‌ಗೂ ಸೇರಿ ಇಡೀ ಪ್ರಯೋಗಕ್ಕೆ ಸುಮಾರು 30 ಮಿ.ಲೀ. ಮೂಳೆಯ ಮೀಡಿಯಂ ಬೇಕಾಗುತ್ತದೆ. ಎರಡು ಕಂತಿನಲ್ಲಿ 25, 25 ಮಾಡಿಕೊಂಡರೆ ಹಳತಾಗುವುದಿಲ್ಲ.

ಬದಲಿಸುವಾಗ ಪೂರ್ತಿ ಹೀರಬೇಡಿ. ಅರ್ಧ ಮಿ.ಲೀ.ನಲ್ಲಿ 0.35 ತೆಗೆದು, 37 ಡಿಗ್ರಿಗೆ ಬೆಚ್ಚಗಾದ ಹೊಸದನ್ನು ಅಷ್ಟೇ ಹಾಕಿ. ಪಿಪೆಟ್ ತುದಿ ವೆಲ್‌ನ ಗೋಡೆಗೆ ತಾಗಿರಲಿ, ಹನಿ ಹನಿಯಾಗಿ ಇಳಿಯಲಿ. ಯಾಕೆ ಅಂದರೆ ಹತ್ತು ಹನ್ನೆರಡು ದಿನ ಕಳೆದ ಮೇಲೆ ಸೆಲ್‌ಗಳು ಒಂಟಿಯಾಗಿರುವುದಿಲ್ಲ, ಕೊಲಾಜನ್ ನೇಯ್ದು ಒಂದು ಹಾಳೆಯಾಗಿರುತ್ತವೆ. ಹಾಳೆ ಬಿಗಿಯುತ್ತಾ ಬರುತ್ತದೆ. ಜೋರಾಗಿ ಒಂದು ಹನಿ ಬಿದ್ದರೆ ಸಾಕು, ಕಾದ ಕಾವಲಿಯ ಮೇಲೆ ದೋಸೆಯ ಅಂಚು ಏಳುವ ಹಾಗೆ ಮೆಲ್ಲಗೆ ಎದ್ದು, ಸುರುಳಿ ಸುತ್ತಿ, ನಡುವೆ ಒಂದು ಬಿಳಿ ಉಂಡೆಯಾಗಿ ಕೂರುತ್ತದೆ. 17ನೇ ದಿನ ಇದನ್ನು ಕಣ್ಣಾರೆ ನೋಡುವ ಸಂಕಟ ಯಾರಿಗೂ ಬೇಡ. ನಿಮ್ಮ ಸೆಲ್‌ಗೆ ಈ ಚಾಳಿ ಇದೆ ಎಂದು ಗೊತ್ತಾದರೆ ಮುಂದಿನ ಸಲ ವೆಲ್‌ಗಳಿಗೆ 0.1% ಜೆಲಟಿನ್ ಲೇಪಿಸಿ, ಸೆಲ್ ಸಂಖ್ಯೆ ಸ್ವಲ್ಪ ಇಳಿಸಿ.

ಮೈಕ್ರೋಸ್ಕೋಪ್‌ನಲ್ಲಿ ಏನು ಕಾಣಬೇಕು? ಮೊದಲ ವಾರ ಉದ್ದುದ್ದ, ಮೀನಿನಂತೆ ಒಂದೇ ದಿಕ್ಕಿಗೆ ಮಲಗಿದ ಸೆಲ್‌ಗಳು ಗಿಡ್ಡವಾಗಿ, ಮೂಲೆ ಮೂಲೆಯಾಗಿ ಆಗುತ್ತವೆ. ಎರಡನೇ ವಾರದ ಕೊನೆಗೆ ಅಲ್ಲಲ್ಲಿ ಕಪ್ಪು ಚುಕ್ಕೆ. ಗಸಗಸೆ ಚೆಲ್ಲಿದ ಹಾಗೆ, ಆದರೆ ಎಲ್ಲಾ ಕಡೆ ಸಮನಾಗಿ ಅಲ್ಲ. ಸೆಲ್ ದಟ್ಟವಾಗಿ ಗುಂಪುಕಟ್ಟಿದ ಕಡೆ ಜಾಸ್ತಿ, ಬೇರೆ ಕಡೆ ಇಲ್ಲವೇ ಇಲ್ಲ. ಇದು ಒಳ್ಳೆಯ ಲಕ್ಷಣ. ಮೂರನೇ ದಿನಕ್ಕೇ ವೆಲ್ ತುಂಬಾ ಸಮನಾಗಿ ಪುಡಿ ಉದುರಿದ ಹಾಗೆ ಕಂಡರೆ ಅದು ಗಸಿ. ಅವತ್ತೇ ನಿಲ್ಲಿಸಿ, ಮೀಡಿಯಂ ಲೆಕ್ಕ ಮತ್ತೆ ನೋಡಿ. 21 ದಿನ ಕಾದು ತಿಳಿದುಕೊಳ್ಳಬೇಕಿಲ್ಲ.

ಮಳೆಗಾಲದಲ್ಲಿ ಈ ಪ್ರಯೋಗ ಇಟ್ಟುಕೊಳ್ಳುವವರು ಫಂಗಸ್‌ಗೆ ಸಿದ್ಧರಾಗಿರಿ. ಇನ್‌ಕ್ಯುಬೇಟರ್‌ನ ತಟ್ಟೆಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ವಾರಕ್ಕೊಮ್ಮೆ ಬದಲಿಸಿ. ಕರೆಂಟ್ ಹೋಗಿ ಜನರೇಟರ್ ಹತ್ತುವವರೆಗೆ ಬಾಗಿಲು ತೆರೆಯದಿದ್ದರೆ ಏನೂ ಆಗಲ್ಲ. ಆದರೆ ಕರೆಂಟ್ ಬಂದ ಮೇಲೆ ಇನ್‌ಕ್ಯುಬೇಟರ್ ತಾನಾಗೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೋ ಇಲ್ಲವೋ ಮೊದಲೇ ಪರೀಕ್ಷಿಸಿ ಇಟ್ಟುಕೊಳ್ಳಿ. ಕೆಲವು ಮರಳುವುದಿಲ್ಲ.

7 ಮತ್ತು 14ನೇ ದಿನ: ಕಿಣ್ವದ ಪರೀಕ್ಷೆ

ಆಲ್ಕಲೈನ್ ಫಾಸ್ಫಟೇಸ್ 7ರಿಂದ 14ನೇ ದಿನದ ನಡುವೆ ಏರಿ, ಆಮೇಲೆ ಇಳಿಯುತ್ತದೆ. ಅದಕ್ಕೆ 21ನೇ ದಿನ ಅಳೆದು "ಇಲ್ಲ" ಅನ್ನಬಾರದು. ಸೆಲ್‌ಗಳನ್ನು ತೊಳೆದು, ಟ್ರಿಸ್ ಬಫರ್‌ನಲ್ಲಿ 0.2% ಟ್ರೈಟಾನ್ ಹಾಕಿ ಒಡೆಯಿರಿ. ಪಿಎನ್‌ಪಿಪಿ ಎಂಬ ಬಣ್ಣವಿಲ್ಲದ ಪದಾರ್ಥ ಸೇರಿಸಿದರೆ ಕಿಣ್ವ ಅದನ್ನು ಹಳದಿ ಮಾಡುತ್ತದೆ. 405 ನ್ಯಾನೋಮೀಟರ್‌ನಲ್ಲಿ ಓದಿ. ಎರಡು ಕಡೆ ಹುಷಾರು. ಒಡೆಯುವ ಬಫರ್‌ನಲ್ಲಿ ಫಾಸ್ಫೇಟ್ ಇರಬಾರದು, ಅದು ಈ ಕಿಣ್ವವನ್ನು ತಡೆಯುತ್ತದೆ. ಇಡಿಟಿಎ ಕೂಡ ಇರಬಾರದು, ಈ ಕಿಣ್ವಕ್ಕೆ ಸತು ಮತ್ತು ಮೆಗ್ನೀಸಿಯಂ ಬೇಕು, ಇಡಿಟಿಎ ಅವನ್ನು ಕಿತ್ತುಕೊಳ್ಳುತ್ತದೆ. ಬಂದ ಅಂಕಿಯನ್ನು ಆ ವೆಲ್‌ನ ಒಟ್ಟು ಪ್ರೋಟೀನ್‌ನಿಂದ ಭಾಗಿಸಿ. ಸೆಲ್ ಜಾಸ್ತಿ ಇದ್ದುದಕ್ಕೇ ಹಳದಿ ಜಾಸ್ತಿ ಬಂದಿದ್ದರೆ ಅದು ಮೂಳೆಯ ಲಕ್ಷಣ ಅಲ್ಲ, ಜನಸಂಖ್ಯೆ ಅಷ್ಟೇ.

ಜೀನ್ ನೋಡುವವರು ಆರ್‌ಎನ್‌ಎಗೆ ಬೇರೆಯೇ 6 ವೆಲ್‌ನ ಪ್ಲೇಟ್ ಇಡಿ. ರನ್‌ಎಕ್ಸ್-2 ಮಟ್ಟ ಹತ್ತು ಪಟ್ಟು ಏರುತ್ತದೆ ಅಂತ ಕಾಯಬೇಡಿ, ಮನುಷ್ಯರ ಎಂಎಸ್‌ಸಿಯಲ್ಲಿ ಅದು ಮೊದಲಿನಿಂದಲೂ ಸ್ವಲ್ಪ ಇರುತ್ತದೆ. ಆಸ್ಟೆರಿಕ್ಸ್, ಆಸ್ಟಿಯೊಕ್ಯಾಲ್ಸಿನ್ ಕೂಡ ಸೇರಿಸಿ ನೋಡಿ.

21ನೇ ದಿನ: ಕೆಂಪು

ಆಲಿಜರಿನ್ ರೆಡ್ ಎಸ್ 1.37 ಗ್ರಾಂ, 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ. ಇದು 40 ಮಿಲಿಮೋಲಾರ್. ತೆಳುವಾದ ಅಮೋನಿಯಂ ಹೈಡ್ರಾಕ್ಸೈಡ್ ಹನಿ ಹನಿ ಹಾಕಿ ಪಿಎಚ್ 4.1ರಿಂದ 4.3ರ ಒಳಗೆ ತನ್ನಿ. ಇಲ್ಲಿ ಸೋಮಾರಿತನ ಬೇಡ, ಪಿಎಚ್ ತಪ್ಪಿದರೆ ಬಣ್ಣ ಎಲ್ಲಾ ಕಡೆ ಹತ್ತುತ್ತದೆ ಅಥವಾ ಎಲ್ಲೂ ಹತ್ತಲ್ಲ. ಸೋಸಿ, ಕತ್ತಲಲ್ಲಿ ಇಡಿ. ನಲ್ಲಿ ನೀರು ಯಾವ ಹಂತದಲ್ಲೂ ಬೇಡ. ಅದರಲ್ಲಿರುವ ಕ್ಯಾಲ್ಸಿಯಂ ಜೊತೆಗೇ ಆಲಿಜರಿನ್ ಅಂಟಿಕೊಳ್ಳುತ್ತದೆ.

ಮೀಡಿಯಂ ಮೆಲ್ಲಗೆ ತೆಗೆಯಿರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಹಾಕಿ ಒಮ್ಮೆ ತೊಳೆಯಿರಿ. 4% ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ಫ್ಯೂಮ್ ಹುಡ್ ಒಳಗೆ. ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೆಯಿರಿ, ಪಿಬಿಎಸ್‌ನ ಫಾಸ್ಫೇಟ್ ಹೋಗಲಿ. ವೆಲ್‌ಗೆ ಅರ್ಧ ಮಿ.ಲೀ. ಆಲಿಜರಿನ್, 20 ನಿಮಿಷ, ಮೆಲ್ಲಗೆ ತೂಗುತ್ತಾ ಇರಲಿ. ತೆಗೆದು ಡಿಸ್ಟಿಲ್ಡ್ ನೀರಿನಿಂದ ನಾಲ್ಕೈದು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ.

ಈಗ ಪ್ಲೇಟನ್ನು ಬಿಳಿ ಹಾಳೆಯ ಮೇಲಿಡಿ. ಮೊದಲು ನೋಡಬೇಕಾದ್ದು ಸೆಲ್ ಇಲ್ಲದ ಎರಡು ವೆಲ್. ಅವು ಬಿಳಿಯಾಗಿವೆಯಾ? ಆಮೇಲೆ ಕಂಟ್ರೋಲ್ ಮೀಡಿಯಂನ ಮೂರು. ಅವು ತೆಳು ಗುಲಾಬಿ ಇದ್ದರೆ ಪರವಾಗಿಲ್ಲ. ಕೊನೆಗೆ ಮೂಳೆಯ ಮೀಡಿಯಂನ ಮೂರು. ದಾಳಿಂಬೆ ಕಾಳಿನ ಬಣ್ಣದ ಗಂಟುಗಳು, ನಡುನಡುವೆ ತಿಳಿ ಜಾಗ, ಇದು ನಾವು ಬಯಸಿದ್ದು. ಫೋಟೊ ಈಗಲೇ ತೆಗೆಯಿರಿ, ಒದ್ದೆ ಇರುವಾಗ, ಒಂದೇ ಬೆಳಕಿನಲ್ಲಿ, ಇಡೀ ಪ್ಲೇಟ್ ಒಂದೇ ಚೌಕಟ್ಟಿನಲ್ಲಿ. ಮೈಕ್ರೋಸ್ಕೋಪ್‌ನಲ್ಲಿ ಚೆಂದದ ಒಂದು ಗಂಟು ಹುಡುಕಿ ಅದೊಂದನ್ನೇ ಥೀಸಿಸ್‌ಗೆ ಹಾಕುವುದು ನಮ್ಮಲ್ಲಿ ಮಾಮೂಲಿ. ನನಗೆ ಅದು ಸರಿ ಕಾಣುವುದಿಲ್ಲ.

ಅಂಕಿ ಬೇಕಿದ್ದರೆ ಬಣ್ಣ ಕರಗಿಸಿ. 10% ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್, ಪಿಎಚ್ 7ರ 10 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್‌ನಲ್ಲಿ. ಅರ್ಧ ಮಿ.ಲೀ. ಹಾಕಿ ಒಂದು ಗಂಟೆ ತೂಗಿದರೆ ನೇರಳೆ ದ್ರಾವಣ ಬರುತ್ತದೆ. 562 ನ್ಯಾನೋಮೀಟರ್‌ನಲ್ಲಿ ಓದಿ, ಸೆಲ್ ಇಲ್ಲದ ವೆಲ್‌ನ ಅಂಕಿ ಕಳೆಯಿರಿ.

ಇಷ್ಟಾದರೂ ಆಲಿಜರಿನ್ ಹೇಳುವುದು "ಇಲ್ಲಿ ಕ್ಯಾಲ್ಸಿಯಂ ಇದೆ" ಅಂತ ಮಾತ್ರ. ಅದು ಮೂಳೆಯ ಖನಿಜವೇ ಎಂದು ತಿಳಿಯಬೇಕಾದರೆ ಬಣ್ಣ ಹಾಕದ ಒಂದು ವೆಲ್‌ನಿಂದ ಕೆರೆದು ಒಣಗಿಸಿ ಎಫ್‌ಟಿಐಆರ್ (ಪದಾರ್ಥ ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತದೆ ಎಂದು ನೋಡುವ ಪರೀಕ್ಷೆ, ಅಂಕಿ cm⁻¹ನಲ್ಲಿ) ಮಾಡಿಸಿ. ಅದಕ್ಕೆ ಮೊದಲೇ ಒಂದು ಪ್ಲೇಟ್ ಹೆಚ್ಚಿಗೆ ಇಟ್ಟಿರಬೇಕು. 1030ರ ಆಸುಪಾಸು ದೊಡ್ಡ ಫಾಸ್ಫೇಟ್ ಶಿಖರ, 560 ಮತ್ತು 600ರ ಹತ್ತಿರ ಜೋಡಿ ಶಿಖರ ಬಂದರೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಕಡೆಗೆ ಬೆರಳು ತೋರಿಸುತ್ತದೆ. ಜೊತೆಗೆ ಪ್ರೋಟೀನ್‌ನ ಶಿಖರ 1650ರ ಹತ್ತಿರ ಇದ್ದರೆ ಖನಿಜದ ಜೊತೆ ನೇಯ್ಗೆಯೂ ಇದೆ ಎಂದು ನಂಬಬಹುದು.

ಕೆಂಪು ಬರದಿದ್ದರೆ

28ನೇ ದಿನದವರೆಗೆ ಕಾಯಿರಿ. ಮನುಷ್ಯರ ಸೆಲ್ ಒಬ್ಬೊಬ್ಬರದು ಒಂದೊಂದು ಥರ, ವಯಸ್ಸಾದವರದು ಇನ್ನೂ ನಿಧಾನ. ಕಿಣ್ವ ಏರಿದೆ, ಕೆಂಪು ಬಂದಿಲ್ಲ ಅಂದರೆ ಗ್ಲಿಸರೋಫಾಸ್ಫೇಟ್ ಸ್ಟಾಕ್ ಮೇಲೆ ಅನುಮಾನ ಪಡಿ. ಕಿಣ್ವವೂ ಏರಿಲ್ಲ ಅಂದರೆ ಪ್ಯಾಸೇಜ್, ಸೀರಂ, ಡೆಕ್ಸಾ, ಈ ಸಾಲಿನಲ್ಲಿ ನೋಡಿ. ಹಠಮಾರಿ ಸೆಲ್‌ಗೆ ಬಿಎಂಪಿ-2 ಎಂಬ ಪ್ರೋಟೀನ್ ಕೊಡುವುದುಂಟು. ಮೂಳೆಯಲ್ಲೇ ಮೂಳೆ ಹುಟ್ಟಿಸುವ ಪದಾರ್ಥ ಇದೆ ಎಂದು ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರು, ಈ ಪ್ರೋಟೀನ್ ಕುಟುಂಬ ಸಿಕ್ಕಿದ್ದು ಆ ದಾರಿಯಲ್ಲಿ. ಆದರೆ ಬೆಲೆ ಕೇಳಿದರೆ ಗೈಡ್ ಮುಖ ತಿರುಗಿಸುತ್ತಾರೆ.

ಸ್ಕ್ಯಾಫೋಲ್ಡ್ (ಸೆಲ್ ಬೆಳೆಯಲು ಕೊಡುವ ಆಧಾರದ ಚೌಕಟ್ಟು) ಮೇಲೆ ಮಾಡುವ ಎಂಜಿನಿಯರಿಂಗ್ ಗೆಳೆಯರಿಗೆ ಇನ್ನೊಂದು ಮಾತು. ಸೆಲ್‌ಗಳಿಗೆ ಕಾಲ ಕೆಳಗಿನ ನೆಲದ ಗಟ್ಟಿತನವೂ ಗೊತ್ತಾಗುತ್ತದೆ. 2006ರಲ್ಲಿ ಆಡಮ್ ಎಂಗ್ಲರ್ ಮತ್ತು ಸಂಗಡಿಗರು ತೋರಿಸಿದಂತೆ ಎಂಎಸ್‌ಸಿ 1 ಕಿಲೋಪಾಸ್ಕಲ್‌ಗಿಂತ ಮೆತ್ತಗಿನ ಜೆಲ್ ಮೇಲೆ ನರದ ಸೆಲ್ ಥರ, ಹತ್ತರ ಆಸುಪಾಸಿನಲ್ಲಿ ಸ್ನಾಯು ಥರ, 25ರಿಂದ 40ರಲ್ಲಿ ಮೂಳೆಯ ಥರ ನಡೆದುಕೊಳ್ಳುತ್ತದೆ. ನಿಮ್ಮ ಜೆಲ್ ರಾಗಿ ಗಂಜಿಯಷ್ಟು ಮೆತ್ತಗಿದ್ದರೆ ಮೀಡಿಯಂ ಎಷ್ಟೇ ಚೆನ್ನಾಗಿದ್ದರೂ ಸೆಲ್ ಗೊಂದಲಕ್ಕೆ ಬೀಳುತ್ತದೆ. ಹಾಗೆಯೇ ಸ್ಕ್ಯಾಫೋಲ್ಡ್‌ನಲ್ಲೇ ಕ್ಯಾಲ್ಸಿಯಂ ಫಾಸ್ಫೇಟ್ ಇದ್ದರೆ ಆಲಿಜರಿನ್ ಹಾಕುವುದೇ ವ್ಯರ್ಥ. ಅದು ಮೊದಲ ದಿನವೇ ಕೆಂಪು.

ಈ ಕೆಲಸ ಮಾಡುತ್ತೇನೆ ಅಂತ ಗೊತ್ತಾದರೆ ನೆಂಟರು ಮಂಡಿನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಬಹುದಾ ಅಂತ ಕೇಳೇ ಕೇಳುತ್ತಾರೆ. ಪ್ಲೇಟ್‌ನಲ್ಲಿ ಆದದ್ದು ಮಂಡಿಯಲ್ಲಿ ಆಗಬೇಕೆಂದಿಲ್ಲ. ಅದು ಅನುಮತಿ ಪಡೆದ ಚಿಕಿತ್ಸೆಯೋ, ನೋಂದಾಯಿತ ಟ್ರಯಲ್ಲೋ ಎಂದು ಕೇಳಿ ತಿಳಿಯಲು ಹೇಳಿ ಸುಮ್ಮನಾಗಿ. ನಾನು ಅಷ್ಟೇ ಹೇಳುವುದು.

ಕೆಲಸ ಮುಗಿದ ಮೇಲೆ ಸೆಲ್ ಮೀಡಿಯಂ ಇದ್ದ ಬಾಟಲಿಗೆ ಹೈಪೋಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲಿ. ಪ್ಯಾರಾಫಾರ್ಮಾಲ್ಡಿಹೈಡ್ ಇದ್ದ ನೀರಿಗೆ ಮಾತ್ರ ಹೈಪೋಕ್ಲೋರೈಟ್ ಬೆರೆಸಬೇಡಿ, ಅದಕ್ಕೆ ಬೇರೆ ಕ್ಯಾನ್. ಬಣ್ಣ ಕರಗಿಸದೆ ಉಳಿಸಿದ ಪ್ಲೇಟ್ ಇದ್ದರೆ ಒಣಗಿಸಿ, ಫಾಯಿಲ್ ಸುತ್ತಿ ಡ್ರಾಯರ್‌ನಲ್ಲಿಡಿ. ಆ ಹುಡುಗಿ ಎರಡನೇ ಸಲ ಮಾಡಿದ ಪ್ಲೇಟ್ ಈಗಲೂ ನನ್ನ ಡ್ರಾಯರ್‌ನಲ್ಲಿದೆ. ಮೂರು ವೆಲ್ ಕೆಂಪು, ಮೂರು ಗುಲಾಬಿ, ಎರಡು ಖಾಲಿ. ಖಾಲಿ ಎರಡರ ಸುತ್ತ ಅವಳು ಮಾರ್ಕರ್‌ನಲ್ಲಿ ಗೆರೆ ಎಳೆದು ಟಿಕ್ ಹಾಕಿದ್ದಾಳೆ.